ಸಿಂಕಿನ ಬಳಿಯ ಸಭೆ

ಚಿಕಿತ್ಸಾ ಕೇಂದ್ರದ ಹೊಸ ಕಟ್ಟಡದಲ್ಲಿ ಎಲ್ಲವೂ ಇತ್ತು, ಒಂದು ಸಿಂಕ್ ಬಿಟ್ಟು. ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು, ತಿಳಿಹಸಿರು ಗೋಡೆ, ಒಮ್ಮೆ ಕೂತರೆ ಏಳಲು ಇನ್ನೊಬ್ಬರ ಕೈ ಹಿಡಿಯಬೇಕಾದಷ್ಟು ಮೆತ್ತನೆಯ ಕುರ್ಚಿಗಳು. ಟೀ ಬೇಕಾದವರು ಮೂಲೆಯ ಯಂತ್ರದ ಗುಂಡಿ ಒತ್ತಿ, ಕಾಗದದ ಲೋಟದಲ್ಲಿ ಕುಡಿದು ಎಸೆದರಾಯಿತು. ಗ್ಲೆನಿಸ್‌ಗೆ ಆ ಯಂತ್ರ ಕಂಡರೆ ಆಗುತ್ತಿರಲಿಲ್ಲ. ಅದಕ್ಕೇ ತನ್ನದೇ ಫ್ಲಾಸ್ಕು, ಹಳೆಯ ಆಸ್ಪತ್ರೆಯಿಂದ ಉಳಿದ ದಪ್ಪ ಬಿಳಿ ಪಿಂಗಾಣಿ ಕಪ್ಪುಗಳು, ಅವುಗಳನ್ನು ಸುತ್ತಲು ಒಂದು ಒರೆಸುವ ಬಟ್ಟೆ, ಸ್ಕೋನ್ ಎನ್ನುವ ಪುಟ್ಟ ಬನ್ನುಗಳು, ಇಷ್ಟನ್ನು ಬುಟ್ಟಿಯಲ್ಲಿಟ್ಟುಕೊಂಡು ಬರುತ್ತಿದ್ದಳು. ಕಪ್ಪುಗಳಲ್ಲಿ ಒಂದರ ಅಂಚು ಒಡೆದಿತ್ತು. ಅದರಲ್ಲಿ ಯಾರಿಗೂ ಟೀ ಕೊಡುತ್ತಿರಲಿಲ್ಲ, ಬಿಟ್ಟು ಬರುತ್ತಲೂ ಇರಲಿಲ್ಲ.

"ಮನೆ ಖಾಲಿ ಮಾಡ್ಕೊಂಡು ಬಂದಂಗೆ ಬರ್ತೀರಲ್ಲ ಗ್ಲೆನಿಸ್" ಎಂದು ಟೋನಿಯಾ ಕಿಚಾಯಿಸಿದಳು.

"ಬಾಯಿ ಮುಚ್ಕೊಂಡು ಸ್ಕೋನ್ ತಿನ್ನು. ಏಪ್ರಿಕಾಟ್ ಜಾಮ್ ನಾನೇ ಮಾಡಿದ್ದು."

ಟೋನಿಯಾ ನಲವತ್ತು ದಾಟಿದ ಹೆಂಗಸು. ಕಣಿವೆಯ ಮಾನಸಿಕ ಆರೋಗ್ಯ ತಂಡದಲ್ಲಿ ಅವಳದೂ ಗ್ಲೆನಿಸ್‌ಳದೂ ಒಂದೇ ಕೆಲಸ. ಕಾಯಿಲೆಯವರು ಡಾಕ್ಟರ ಮುಂದೆ ಕೂತಾಗ, ಅದೇ ಕಾಯಿಲೆಯನ್ನು ಅನುಭವಿಸಿ ಎದ್ದವರೊಬ್ಬರು ಪಕ್ಕದಲ್ಲಿ ಕೂರಬೇಕು. ಬಾಯಿ ಕಟ್ಟಿದವರಿಗೆ ಧೈರ್ಯ ಹೇಳಬೇಕು, ಡಾಕ್ಟರು ಗಡಿಬಿಡಿ ಮಾಡಿದರೆ ಕೆಮ್ಮಬೇಕು. ಗ್ಲೆನಿಸ್‌ಳ ಕೆಮ್ಮಿಗೆ ಹೆದರದ ಡಾಕ್ಟರು ಈ ಕಣಿವೆಯಲ್ಲಿ ಇರಲಿಲ್ಲ. "ಔಷಧಿ ನುಂಗೋದು ನೀನು, ಅವರಲ್ಲ. ಏನ್ ಬೇಕು ಅಂತ ನೀನೇ ಹೇಳು" ಎಂದು ಎಷ್ಟು ಜನರ ಬೆನ್ನು ತಟ್ಟಿದ್ದಳೋ. ಟೋನಿಯಾಳಿಗೂ ಹಾಗೆ ಬೆನ್ನು ತಟ್ಟಿ, ಆಮೇಲೆ ಕೆಲಸ ಕಲಿಸಿದವಳು ಅವಳೇ.

ಇವತ್ತು ಮಾತ್ರ ಕೆಮ್ಮುವ ಸರದಿ ಟೋನಿಯಾಳದು. ಇವತ್ತಿನ ಸಭೆ ಗ್ಲೆನಿಸ್‌ಳದೇ ಚಿಕಿತ್ಸೆಯ ಬಗ್ಗೆ.

ಡಾಕ್ಟರ್ ಬ್ರಿಯೋನಿ ಬರುವುದು ತಡವಾಯಿತು. ಕಿಟಕಿಯಿಂದ ಹಾಪ್ಸ್ ಹೂ ಒಣಗಿಸುವ ಗೂಡುಗಳ ಕಹಿಗಂಪು ಒಳಗೆ ಬರುತ್ತಿತ್ತು. ಮಾರ್ಚ್ ತಿಂಗಳು, ಕೊಯ್ಲು ಮುಗಿಯುತ್ತ ಬಂದಿತ್ತು. ಬಿಯರಿಗೆ ಹಾಕುವ ಆ ಹೂಗಳನ್ನು ಒಣಗಿಸುವ ಹೊತ್ತಿಗೆ ಊರಿಗೆ ಊರೇ ಹೀಗೆ ನಾರುತ್ತದೆ. ಆ ವಾಸನೆ ಮೂಗಿಗೆ ತಾಗಿದರೆ ಸಾಕು, ಗ್ಲೆನಿಸ್‌ಗೆ ನದಿಯಾಚೆಯ ಹಳೆಯ ಹುಚ್ಚಾಸ್ಪತ್ರೆ ಕಣ್ಣಿಗೆ ಕಟ್ಟುತ್ತಿತ್ತು.

ಅದನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅಲ್ಲಿ ಹಳೇ ಸಾಮಾನಿನ ಅಂಗಡಿ, ಕಾಫಿ ಅಂಗಡಿ. ಪ್ರವಾಸಿಗರು ಬಂದು ಕಿಟಕಿ ಸರಳುಗಳ ಮುಂದೆ ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ತನ್ನ ಯೌವನವನ್ನೆಲ್ಲ ಬೀಗ ಹಾಕಿ ಇಟ್ಟಿದ್ದ ಜಾಗವನ್ನು ನೆನೆದು ನಿಟ್ಟುಸಿರು ಬಿಡುವುದು ಹುಚ್ಚೇ ಸರಿ ಎಂದು ಗ್ಲೆನಿಸ್‌ಗೂ ಗೊತ್ತು. ಆದರೂ ನೆನಪು ಹೇಳಿ ಕೇಳಿ ಬರುವುದಿಲ್ಲವಲ್ಲ. ನದಿಗೆ ಬಾಗಿದ ವಿಲೋ ಮರಗಳು, ಬಟ್ಟೆ ಒಗೆಯುವ ಮನೆಯ ಬಿಸಿ ಸೋಪಿನ ವಾಸನೆ, ಶನಿವಾರದ ಕ್ರಿಕೆಟ್. ಆಸ್ಪತ್ರೆ ಸಿಬ್ಬಂದಿಗೂ ಒಳಗಿನವರಿಗೂ ನಡೆಯುವ ಪಂದ್ಯದಲ್ಲಿ ಪ್ರತಿ ಸಲ ಒಳಗಿನವರೇ ಗೆಲ್ಲುತ್ತಿದ್ದರು, ಯಾಕೆಂದರೆ ಸ್ಕೋರು ಬರೆಯುವವನು ಒಳಗಿನವರಲ್ಲೇ ಒಬ್ಬನಾದ ಮರ್ವ್. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಮಾತ್ರೆ, ಗಂಟೆ ಹೊಡೆದರೆ ನಿದ್ದೆ. ಏನೊಂದನ್ನೂ ತಾನೇ ಯೋಚಿಸಬೇಕಾಗಿರಲಿಲ್ಲ. ಅದೇ ಆ ಜಾಗದ ನರಕ, ಅದೇ ಅದರ ಸುಖ.

ಪಕ್ಕದ ಮಂಚ ನೊರೀನ್‌ಳದು. ನೊರೀನ್ ಬಾಯಿ ಜೋರು, ಕೈ ಮೆತ್ತಗೆ. ಗ್ಲೆನಿಸ್‌ಗೆ ಕಾಯಿಲೆ ಏರುವುದು ಗ್ಲೆನಿಸ್‌ಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ತೊಳೆದಿಟ್ಟ ಕಪ್ಪುಗಳನ್ನೇ ಗ್ಲೆನಿಸ್ ಮತ್ತೆ ಮತ್ತೆ ತೊಳೆಯಲು ಶುರು ಮಾಡಿದಳೆಂದರೆ, "ಹೊರಟಳಪ್ಪ ನಮ್ಮ ಮಹಾರಾಣಿ" ಎಂದು ನರ್ಸನ್ನು ಕೂಗುತ್ತಿದ್ದಳು.

ಆಸ್ಪತ್ರೆ ಮುಚ್ಚುವ ಕಾಲಕ್ಕೆ ಒಂದು ಹೊಸ ಮಾತು ಬಂತು: ಒಳಗಿನವರನ್ನೂ ಕೇಳಿ ತೀರ್ಮಾನ ಮಾಡಬೇಕಂತೆ. ಮರ್ವ್, ನೊರೀನ್, ಗ್ಲೆನಿಸ್ ಮೂವರಿಗೆ ಸಭೆಗೆ ಕರೆ ಬಂತು. ಮರ್ವ್ ಸತ್ತವನೊಬ್ಬನ ಟೈ ಕಟ್ಟಿಕೊಂಡ. ನೊರೀನ್ ತುಟಿಗೆ ಬಣ್ಣ ಹಚ್ಚಿದಳು. ಉದ್ದನೆಯ ಮೇಜಿನ ಆ ತುದಿಯಲ್ಲಿ ಡಾಕ್ಟರ್ ಹ್ಯಾಲೋರನ್ ಮತ್ತು ಅವರ ಸಿಬ್ಬಂದಿ, ಈ ತುದಿಯಲ್ಲಿ ಇವರು. ಲೋಕಾಭಿರಾಮ ಮಾತಾಯಿತು, ಟೀ ಬಂತು. ಕಪ್ಪುಗಳು ಖಾಲಿಯಾದವು. ಆಗ ಆಗಬಾರದ್ದು ಆಯಿತು. ಮೂವರೂ ಒಟ್ಟಿಗೆ ಎದ್ದರು, ಎಲ್ಲರ ಕಪ್ಪುಗಳನ್ನು ತಟ್ಟೆಗೆ ಪೇರಿಸಿಕೊಂಡರು, ಅಡುಗೆಮನೆಗೆ ನಡೆದುಬಿಟ್ಟರು.

ಯಾರೂ ಏಳಿ ಅನ್ನಲಿಲ್ಲ. ಯಾರೂ ಕೂರಿ ಅಂತಲೂ ಅನ್ನಲಿಲ್ಲ. ಕಪ್ಪು ಖಾಲಿಯಾದ ಮೇಲೂ ಕೂತಿರುವುದು ಆ ಆಸ್ಪತ್ರೆಯಲ್ಲಿ ಡಾಕ್ಟರುಗಳ ಹಕ್ಕು. ಒಳಗಿನವರ ಕೈಗಳು ತಾವಾಗಿ ಏಳುತ್ತಿದ್ದವು. ಅಡುಗೆಮನೆಯಲ್ಲಿ ನೊರೀನ್ ಹಾಡು ಗುನುಗುತ್ತಿದ್ದಳು. ಪಕ್ಕದ ಕೋಣೆಯಿಂದ ಮಾತು, ನಡುನಡುವೆ ನಗು ಕೇಳಿಸುತ್ತಿತ್ತು. ಸಭೆ ಚೆನ್ನಾಗಿ ನಡೆಯುತ್ತಿದೆ ಎಂದು ಗ್ಲೆನಿಸ್‌ಗೆ ಖುಷಿಯೇ ಆಗಿತ್ತು.

ಕೈ ಒರೆಸಿಕೊಂಡು ಬಂದಾಗ ಸಭೆ ಮುಗಿದಿತ್ತು. ಯಾರು ಎಲ್ಲಿಗೆ ಹೋಗಿ ಬದುಕಬೇಕು ಎನ್ನುವುದು ತೀರ್ಮಾನವಾಗಿತ್ತು. ಗ್ಲೆನಿಸ್, ಮರ್ವ್ ಇದೇ ಊರಿಗೆ. ನೊರೀನ್ ಉತ್ತರದ ಕರಾವಳಿಗೆ.

"ನೀವಾಗೇ ಎದ್ದು ಹೋದ್ರಿ. ನಮಗೆ ಬಿಟ್ಟಿದ್ದೀರಿ ಅಂದ್ಕೊಂಡ್ವಿ" ಎಂದರು ಹ್ಯಾಲೋರನ್. ಕೆಟ್ಟ ಮನುಷ್ಯನಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು, ಅದೇ ಹೊಟ್ಟೆ ಉರಿಸಿದ್ದು.

ಬಸ್ಸು ಹತ್ತುವಾಗ ನೊರೀನ್ ಅಳಲಿಲ್ಲ. "ಅವತ್ತು ಬೇಕಂತಲೇ ಒಂದು ಕಪ್ಪು ಒಡೆದು ಹಾಕಿದ್ರೂ ಸಾಕಿತ್ತು ಕಣೇ. ಎಲ್ಲಾ ಎದ್ದು ಓಡಿ ಬಂದಿರೋರು" ಎಂದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಗ್ಲೆನಿಸ್ ಅಡುಗೆಮನೆಗೆ ಹೋಗಿ ಒಂದು ಕಪ್ಪಿನ ಅಂಚನ್ನು ಸಿಂಕಿಗೆ ಕುಟ್ಟಿದಳು. ಸಣ್ಣ ಚೂರು ಹಾರಿತು, ಅಷ್ಟೇ. ಯಾರೂ ಓಡಿ ಬರಲಿಲ್ಲ. ನೊರೀನ್‌ಗೆ ಬರೆದ ಮೊದಲ ಕಾಗದದಲ್ಲಿ ಅದನ್ನೂ ಬರೆದಳು.

ಮುಂದಿನ ಸಭೆಗೆ ಮರ್ವ್ ಒಬ್ಬನೇ ಮುಂಚೆ ಹೋಗಿ ಕುರ್ಚಿಗಳನ್ನೆಲ್ಲ ಅಡುಗೆಮನೆಗೆ ಎಳೆದು ಹಾಕಿದ್ದ. ಹ್ಯಾಲೋರನ್ ಬಾಗಿಲಲ್ಲಿ ನಿಂತು, "ಇದೇನ್ರೀ ಮರ್ವ್?" ಎಂದರು.

"ನಮ್ ಕೈ ಸುಮ್ನಿರಲ್ಲ ಡಾಕ್ಟ್ರೇ, ನೀವೇ ಹಂಗೆ ಪಳಗಿಸಿದ್ದೀರಿ. ಅದಕ್ಕೇ ಸಭೇನೇ ಇಲ್ಲಿಗೆ ತಂದೆ." ಒರೆಸುವ ಬಟ್ಟೆಯನ್ನು ಅವರ ಹೆಗಲಿಗೆ ಹಾಕಿದ. "ನಾವು ತೊಳೀತೀವಿ, ನೀವು ಒರೆಸಿ. ಮಾತಾಡೋಣ."

ಹ್ಯಾಲೋರನ್‌ಗೆ ಒರೆಸಲು ಬರುತ್ತಿರಲಿಲ್ಲ. ಒದ್ದೆ ಉಳಿದ ಕಪ್ಪುಗಳನ್ನು ಮರ್ವ್ ಒಂದೊಂದಾಗಿ ವಾಪಸ್ ಕೊಡುತ್ತಿದ್ದ. ಆದರೆ ಸಿಂಕಿನ ಬಳಿ ಒಂದು ಸೋಜಿಗ ನಡೆಯಿತು. ಔಷಧಿಗೆ ನಡುಗುವ ಕೈಗಳು ಬಿಸಿನೀರಿನೊಳಗೆ ಯಾರಿಗೂ ಕಾಣುವುದಿಲ್ಲ. ಯಾರೂ ಯಾರ ಮುಖವನ್ನೂ ದಿಟ್ಟಿಸುವುದಿಲ್ಲ. ಮೇಜಿನ ಮುಂದೆ ಬಾಯಿ ಬಿಡದವರು ಅಲ್ಲಿ ಮಾತಾಡಿದರು. ಆಮೇಲಿನ ಸಭೆಗಳೆಲ್ಲ ಅಲ್ಲೇ ಆದವು. ಮರ್ವ್ ಒಂದು ಕಟ್ಟಳೆಯನ್ನೂ ಹಾಕಿದ: ಯಾರ ವಿಷಯವೋ ಅವರು ಎದ್ದು ಹೋದರೆ, ಅವರು ಬರುವ ತನಕ ಉಳಿದವರ ಬಾಯಿಗೆ ಬೀಗ. ಮರ್ವ್‌ನನ್ನು ಮಣ್ಣು ಮಾಡಿದ ದಿನ ಚರ್ಚಿನ ಅಡುಗೆಮನೆಯಲ್ಲಿ ಕಪ್ಪು ಒರೆಸಿದವರು ಮುದುಕ ಹ್ಯಾಲೋರನ್ನೇ, ಆಗಲೂ ಸರಿಯಾಗಿ ಒರೆಸಲಿಲ್ಲ.

ಆ ದಿನಗಳು ಮತ್ತೆ ಬರುವಂಥವಲ್ಲ. ಕಪ್ಪಿಗೆ ಟೀ ಸುರಿಯುತ್ತ ಗ್ಲೆನಿಸ್‌ಗೆ ಮರ್ವ್‌ನ ಟೈ ನೆನಪಾಯಿತು.

ಬಾಗಿಲು ತಾನಾಗಿ ತೆರೆಯಿತು, ಬ್ರಿಯೋನಿ ಬಂದಳು. ಚಿಕ್ಕ ವಯಸ್ಸಿನ ಡಾಕ್ಟರು, ನೇರ ಮಾತು. ಟೀ ಕುಡಿದು, ಸ್ಕೋನ್ ಹೊಗಳಿ, ಕಪ್ಪನ್ನು ಕೆಳಗಿಟ್ಟಳು.

"ಸುತ್ತಿ ಬಳಸಿ ಹೇಳಲ್ಲ ಗ್ಲೆನಿಸ್. ಕಿಡ್ನಿ ಕೆಡ್ತಾ ಇದೆ. ಲಿಥಿಯಂನಿಂದಲೇ."

ಗ್ಲೆನಿಸ್‌ಗೆ ಇದು ಬರುತ್ತದೆಂದು ಗೊತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ ಅವಳ ಕಾಲನ್ನು ನೆಲದ ಮೇಲೆ ನಿಲ್ಲಿಸಿದ್ದು ಆ ಗುಳಿಗೆ. ಅದಕ್ಕೂ ಮುಂಚೆ ಅವಳು ಪಕ್ಕದವರ ಬೇಲಿಗೆಲ್ಲ ಹಳದಿ ಬಣ್ಣ ಬಳಿದವಳು, ಚಳಿಗಾಲದಲ್ಲಿ ನದಿಗೆ ಇಳಿದು ಭಾಷಣ ಮಾಡಿದವಳು, ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಹಾಕಿ ಮಲಗಿದವಳು.

"ಎರಡು ದಾರಿ ಇದೆ" ಎಂದಳು ಬ್ರಿಯೋನಿ. "ಲಿಥಿಯಂ ಕಮ್ಮಿ ಮಾಡಿ ನೋಡಬಹುದು. ಕಿಡ್ನಿ ಇನ್ನೂ ಕೆಟ್ರೆ ಡಯಾಲಿಸಿಸ್. ಇಲ್ಲಾ ಪೂರ್ತಿ ಬಿಟ್ಟು ಬೇರೆ ಗುಳಿಗೆ ಹಿಡೀಬಹುದು. ಅದು ನಿಮಗೆ ಒಗ್ಗತ್ತೋ ಇಲ್ವೋ ನನಗೂ ಗೊತ್ತಿಲ್ಲ. ಮಧ್ಯದಲ್ಲಿ ಕಾಯಿಲೆ ತಿರುಗಿ ಬಂದ್ರೂ ಬರಬಹುದು."

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ಕಿಡ್ನಿ ಉಳಿಸ್ಕೊಳ್ತಿದ್ದೆ ಅನ್ಸತ್ತೆ. ಆದ್ರೆ ಕಾಯಿಲೆ ಬಂದಾಗ ಒಳಗೆ ಹೆಂಗಿರತ್ತೆ ಅಂತ ನಾನು ಪುಸ್ತಕದಲ್ಲಿ ಓದಿರೋಳು. ನಿಮಗೆ ಏನ್ ಬೇಕು, ನೀವು ಹೇಳಿ."

ನೂರಾರು ಜನರ ಬೆನ್ನು ತಟ್ಟಿ ಗ್ಲೆನಿಸ್ ಹೇಳಿದ ಮಾತು. ಈಗ ಅದೇ ಮಾತು ಅವಳ ಎದುರಿಗೆ ಬಂದು ನಿಂತಿತ್ತು. ಕಿಡ್ನಿ ಹೋದರೆ ಯಂತ್ರಕ್ಕೆ ಕಟ್ಟಿಕೊಂಡು ಬದುಕಬೇಕು. ಮನಸ್ಸು ಹೋದರೆ ಬದುಕುವವಳು ತಾನೇ ಆಗಿರುವುದಿಲ್ಲ. ಯಾರಾದರೂ ಗಂಟೆ ಹೊಡೆಯಬಾರದೇ, ಯಾರಾದರೂ ಹೀಗೆ ಮಾಡು ಎಂದು ಹೇಳಬಾರದೇ ಎನ್ನಿಸಿತು. ಅಷ್ಟು ವರ್ಷ ಬೈದ ಆ ಗಂಟೆ ಬೇಕೆನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಟೋನಿಯಾ ಮೆಲ್ಲಗೆ ಕೆಮ್ಮಿದಳು. ಗ್ಲೆನಿಸ್ ಅವಳ ಕಡೆ ನೋಡಲಿಲ್ಲ. ಮೇಜಿನ ಮೇಲೆ ಖಾಲಿ ಕಪ್ಪುಗಳಿದ್ದವು. ಕೈ ತಾನಾಗಿ ಎದ್ದಿತು.

ಸಿಂಕ್ ಇಲ್ಲದ ಕಟ್ಟಡದಲ್ಲಿ ಕಪ್ಪು ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಉದ್ದನೆಯ ಕಾರಿಡಾರಿನ ಕೊನೆಯಲ್ಲಿ, ಕಸಬರಿಗೆ, ಬಕೆಟ್ಟು ಇಡುವ ಕೋಣೆಯೊಳಗೆ ಒಂದು ನಲ್ಲಿ ಸಿಕ್ಕಿತು. ನೀರು ತಣ್ಣಗೆ ಕೊರೆಯುತ್ತಿತ್ತು. ಗ್ಲೆನಿಸ್ ಕಪ್ಪುಗಳನ್ನು ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆಯಲು ಹೋದವಳು ಥಟ್ಟನೆ ನಲ್ಲಿ ನಿಲ್ಲಿಸಿದಳು. ಹೊರಟಳಪ್ಪ ಮಹಾರಾಣಿ. ಇಲ್ಲ, ಇದು ಕಾಯಿಲೆಯಲ್ಲ, ಬರೀ ಹೆದರಿಕೆ. ಆದರೆ ಎರಡರ ವ್ಯತ್ಯಾಸ ಹೇಳುತ್ತಿದ್ದವಳು ಪಕ್ಕದಲ್ಲಿಲ್ಲ.

ಆಮೇಲೆ ಗೊತ್ತಾಯಿತು, ತಾನು ಎಂಥ ಕೆಲಸ ಮಾಡಿದೆ ಎಂದು. ಎದ್ದು ಬಂದಿದ್ದಳು. ಮತ್ತೆ ಎದ್ದು ಬಂದಿದ್ದಳು, ಅವತ್ತಿನ ಹಾಗೆಯೇ. ಕಪ್ಪುಗಳನ್ನು ಎದೆಗೊತ್ತಿಕೊಂಡು ಕಾರಿಡಾರಿನಲ್ಲಿ ದಾಪುಗಾಲು ಹಾಕಿದಳು. ತೀರ್ಮಾನ ಆಗಿಹೋಗಿರುತ್ತದೆ, ಬ್ರಿಯೋನಿ ಪೆನ್ನು ಮುಚ್ಚಿರುತ್ತಾಳೆ, ನೀವಾಗೇ ಎದ್ದು ಹೋದಿರಿ ಎನ್ನುತ್ತಾಳೆ. ಕೋಣೆಯ ಹತ್ತಿರ ಬಂದು ಕಿವಿಗೊಟ್ಟಳು.

ಒಳಗೆ ಸದ್ದೇ ಇರಲಿಲ್ಲ.

ಬಾಗಿಲು ತೆರೆದುಕೊಂಡಿತು. ಬ್ರಿಯೋನಿ ಕಿಟಕಿಯ ಕಡೆ ಮುಖ ಮಾಡಿ ಕೈಕಟ್ಟಿ ಕೂತಿದ್ದಳು. ಟೋನಿಯಾ ಸ್ಕೋನಿನ ಪುಡಿ ಆರಿಸುತ್ತಿದ್ದಳು. ಇಬ್ಬರೂ ತುಟಿ ಪಿಟಕ್ಕೆನ್ನದೆ, ಮೇಷ್ಟ್ರಿಗೆ ಕಾಯುವ ಮಕ್ಕಳ ಹಾಗೆ ಕೂತಿದ್ದರು. ಈ ಬ್ರಿಯೋನಿ ಮರ್ವ್‌ನ ಮುಖವನ್ನೇ ನೋಡಿದವಳಲ್ಲ, ಆದರೂ ಅವನ ಕಟ್ಟಳೆಯಂತೆ ಕಾಯುತ್ತಿದ್ದಳು.

"ಮಾತಾಡಲಿಲ್ವಾ ನೀವು?" ಎಂದಳು ಗ್ಲೆನಿಸ್.

"ನೀವಿಲ್ದೆ ಹೆಂಗೆ?" ಎಂದಳು ಬ್ರಿಯೋನಿ. ಅದರಲ್ಲಿ ವಿಶೇಷವೇನಿದೆ ಎನ್ನುವ ಹಾಗೆ.

ಗ್ಲೆನಿಸ್‌ಳ ಕಣ್ಣು ಮಂಜಾಯಿತು. ಒದ್ದೆ ಕೈಯಲ್ಲೇ ಕುರ್ಚಿಯ ಅಂಚಿಗೆ ಕೂತಳು.

"ನಂಗೆ ಹೆದರಿಕೆ ಆಗ್ತಿದೆ. ಮೊದ್ಲು ಅದು ಗೊತ್ತಿರ್ಲಿ ನಿಮಗೆ."

"ನನಗೂ ಸ್ವಲ್ಪ ಆಗ್ತಿದೆ" ಎಂದಳು ಬ್ರಿಯೋನಿ.

"ಹಂಗಾದ್ರೆ ಕೇಳು. ಲಿಥಿಯಂ ಬಿಡ್ತೀನಿ. ನಿಧಾನಕ್ಕೆ ಬಿಡಿಸು. ಆದ್ರೆ ಒಬ್ಳೇ ಇರಲ್ಲ. ನೊರೀನ್ ಬಂದು ನನ್ನ ಮನೇಲಿ ಇರಬೇಕು. ನಾನು ಏರ್ತಾ ಇದೀನಿ ಅಂತ ಅವಳು ಹೇಳಿದ್ರೆ ನೀವು ನಂಬಬೇಕು, ನಾನು ಚೆನ್ನಾಗಿದೀನಿ ಅಂತ ಎಷ್ಟೇ ಹಾರಾಡಿದ್ರೂ. ಅವಾಗ ನನ್ನ ಮಾತು ಕೇಳ್ಬೇಡಿ. ಇವತ್ತಿನ ನನ್ನ ಮಾತು ಕೇಳಿ."

ಬ್ರಿಯೋನಿ ತಲೆಯಾಡಿಸಿದಳು. "ಆಗಬಹುದು. ಆದ್ರೆ ನೊರೀನ್ ಒಪ್ಪಬೇಕಲ್ವಾ? ಅವರ ವಿಷಯಾನೂ ಅವರಿಲ್ದೆ ತೀರ್ಮಾನ ಮಾಡೋ ಹಾಗಿಲ್ಲ."

ಟೋನಿಯಾ ಆಗಲೇ ನೊರೀನ್‌ಗೆ ಕರೆ ಹಚ್ಚಿ ಫೋನನ್ನು ಮೇಜಿನ ನಡುವೆ ಇಟ್ಟಿದ್ದಳು. ಆ ಕಡೆಯಿಂದ ಕಡಲ ಗಾಳಿಯ ಸದ್ದಿನ ಜೊತೆ ನೊರೀನ್‌ಳ ಜೋರು ದನಿ ಬಂತು. "ಏನೇ, ಸತ್ತೆಯೋ ಬದುಕಿದೀಯೋ?"

ಗ್ಲೆನಿಸ್ ಎಲ್ಲವನ್ನೂ ಹೇಳಿದಳು. ನೊರೀನ್ ನಡುವೆ ಬಾಯಿ ಹಾಕಲಿಲ್ಲ, ಅದೇ ಒಂದು ಆಶ್ಚರ್ಯ.

"ನಾನ್ ಬರಬೇಕು ಅಂದಿದ್ದು ಡಾಕ್ಟ್ರಾ, ನೀನಾ?"

"ನಾನೇ."

"ಕಪ್ಪು ತೊಳೆಯೋಕೆ ಎದ್ದು ಹೋಗಿದ್ದೆ ತಾನೇ? ನಿಜ ಹೇಳು."

"ಹೋಗಿದ್ದೆ." ಗ್ಲೆನಿಸ್ ತನ್ನ ಒದ್ದೆ ಕೈ ನೋಡಿಕೊಂಡಳು. "ಕಾಯ್ತಾ ಇದ್ರು ಕಣೇ ನೊರೀನ್. ನಾನ್ ವಾಪಸ್ ಬರೋವರ್ಗೂ ಯಾರೂ ಬಾಯೇ ಬಿಟ್ಟಿರಲಿಲ್ಲ."

ಫೋನಿನಲ್ಲಿ ನೊರೀನ್ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಆ ಅಂಚು ಒಡೆದಿರೋ ಕಪ್ಪು ಇನ್ನೂ ಇದೆಯಾ?"

"ಬುಟ್ಟಿಯಲ್ಲೇ ಇದೆ."

"ಯಾರಿಗೂ ಕೊಡಬೇಡ. ನಾಳೆ ಬಸ್ಸಿಗೆ ಬರ್ತೀನಿ."