ಸತ್ತವರನ್ನು ಎಬ್ಬಿಸುವ ದನಿ

ತನ್ನ ಮುಖದಲ್ಲಿ ಯಾರಿಗಾದರೂ ಏನಾದರೂ ಕಂಡಿತೇ? ಇಲ್ಲ. ಶ್ರದ್ಧಾ ಒಬ್ಬಳೇ ಅವನನ್ನು ನೋಡುತ್ತಿದ್ದಳು, ಉಳಿದವರು ನಗುವುದರಲ್ಲಿದ್ದರು. ನಗು ನಿಂತ ಮೇಲೆ ಹೇಳಿದರಾಯಿತು ಎಂದುಕೊಂಡ ಶಿವಶರಣಪ್ಪ. ನಗು ನಿಂತಿತು.

ಕಂಪ್ಯೂಟರಿನ ಪರದೆಯ ಮೇಲೆ, ಆಟದಲ್ಲಿ, ತುಷಾರನ ಜೀಪು ಮತ್ತೆ ಉರಿಯಿತು. ಸ್ಪೀಕರಿನಿಂದ ಮುದುಕಿಯ ದನಿ: "ಏ ಹುಚ್ಚಪ್ಯಾ, ಮತ್ತ ಬಿದ್ದೇನು? ಏಳ್. ಎರಡ ತುತ್ತ ಉಣ್ಣು, ಆಮ್ಯಾಲ ಬಡದಾಡ್."

ಜೀಪು ಎದ್ದು ನಿಂತಿತು.

ಸೊಲ್ಲಾಪುರದ ಆ ಕಂಪ್ಯೂಟರ್ ಕ್ಲಾಸಿಗೆ ತುಷಾರ ಮಾಲೀಕ. ಅಲ್ಲಿ ಕಲಿಸುತ್ತಿದ್ದ ಶಿವಶರಣಪ್ಪ, ತಂತಿಯಿಂದ ಜೋಡಿಸಿದ ಕಂಪ್ಯೂಟರುಗಳಲ್ಲಿ ಹಲವರು ಒಟ್ಟಿಗೆ ಆಡುವ ಈ ಜೀಪಿನ ಕಾಳಗವನ್ನು ಬರೆದವನು. ಆಡಿದವರಿಗೆ ಇದು ಯಾವ ಊರಿನದೆಂದು ತಿಳಿಯದು ಎಂಬುದು ಅವನ ಹೆಮ್ಮೆ. ಅವನು ಬರೆದ ಮೂಲ ಆಟದಲ್ಲಿ ಸತ್ತವನಿಗೆ ಇಂಗ್ಲಿಷಿನ ಗಂಡುದನಿಯೊಂದು ಸಾವನ್ನು ತಿಳಿಸುತ್ತಿತ್ತು.

ಆಡುವವರು ಆಟದ ಫೈಲು ಬಿಚ್ಚಿ ತಮಗೆ ಬೇಕಾದಂತೆ ಬದಲಿಸಿದರು. ಮರುಭೂಮಿ ಹೋಗಿ ಹೋಟಗಿಯ ರೈಲು ಯಾರ್ಡು ಬಂತು, ಟ್ಯಾಂಕು ಹೋಗಿ ಕಬ್ಬಿನ ಟ್ರ್ಯಾಕ್ಟರು. ಈಗ ಪುಣೆಯವರೂ ಆಟ ಬೇಕೆಂದು ಕೇಳುತ್ತಿದ್ದರು. ಒಳ್ಳೆಯ ಬದಲಾವಣೆಗಳನ್ನು ಹೊಸ ಪ್ರತಿಯಲ್ಲಿ ಸೇರಿಸಿ, ಮಾಡಿದವರ ಹೆಸರು ಹಾಕಿ, ಅಧಿಕೃತವಾಗಿಯೇ ಬಿಟ್ಟುಬಿಡುವುದು ತುಷಾರನ ಯೋಜನೆ. ಏನು ಬದಲಿಸಬಹುದು, ಏನು ಬಾರದು ಎಂಬುದು ಇವತ್ತು ತೀರ್ಮಾನವಾಗಬೇಕು. ಕೊನೆಯ ಮಾತು ಶಿವಶರಣಪ್ಪನದು.

"ಕುಣಾಚಾ ಆವಾಜ ಹಾ?" ತುಷಾರ ಕಣ್ಣೊರೆಸಿಕೊಂಡ. "ಯಾರ ದನಿ ಹೇಳ್ರಿಲಾ, ಹೆಸರ ಹಾಕೂಣು."

"ಸರ್‌ಗೇ ಕೇಳ್ರಿ," ಎಂದಳು ಶ್ರದ್ಧಾ. ವಳಸಂಗದಿಂದ ದಿನಾ ಕ್ಲಾಸಿಗೆ ಕಲಿಯಲು ಬರುವ ಅವಳೇ ಈ ದನಿಯನ್ನು ಟೇಪು ಮಾಡಿ ಆಟಕ್ಕೆ ಸೇರಿಸಿದ್ದಳು.

"ಯಾರೋ ಹಳ್ಳ್ಯಾಕಿ ಇರಬೇಕು," ಎಂದ ಶಿವಶರಣಪ್ಪ.

ಶ್ರದ್ಧಾ ಮೌಸಿನ ತಂತಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಇಡೂಣಲಾ ಮತ್ತ?" ಎಂದ ತುಷಾರ.

"ಪುಣೆದವರಿಗೆ ತಿಳೀತದೇನು? ನಕ್ಷೆ ಬದಲಸ್ಲಿ, ಗಾಡಿ ಬದಲಸ್ಲಿ. ದನಿ ಬ್ಯಾಡ. ಅದೊಂದ ಮುಚ್ಚಿಬಿಡೂಣು."

"ಮಂದಿ ನಗಲಾಕತ್ತಾರಲೋ!"

"ಅದಕ್ಕ ಅಂದೆ."

ಮೆಟ್ಟಿಲ ಬಳಿ ಶ್ರದ್ಧಾ ತಡೆದಳು. "ಸ್ವಾಮಿ ದರ್ಶನಕ್ಕ ಅಕ್ಕಲಕೋಟಿಗೆ ಬಂದಾಗ ನಿಮ್ಮ ಮನ್ಯಾಗ ಉಂಡೀನ್ರಿ ಸರ್. ಟೇಪಿಗೆ ನಿಮ್ಮ ಅವ್ವಾರು ನಾಕ ಸಲ ಹೇಳಿ ಕೊಟ್ಟಾರ. ಅವರಿಗೆ ನಾ ಏನ್ ಹೇಳ್ಲಿ?"

"ನಾ ಹೇಳ್ತೀನಿ."

"ಏನಂತ?"

ಅವನು ಗಡಿಯಾರ ನೋಡಿಕೊಂಡ.

ಮಧ್ಯಾಹ್ನ ತಾನೇ ಕುಳಿತು, ದನಿಗಳನ್ನು ಯಾರೂ ಮುಟ್ಟಲಾಗದಂತೆ ಆಟವನ್ನು ತಿದ್ದಿದ. ಪರೀಕ್ಷೆಗೆಂದು ತನ್ನ ಜೀಪನ್ನು ಗೋಡೆಗೆ ಗುದ್ದಿಸಿದ. ಇಂಗ್ಲಿಷಿನ ಗಂಡಸು ಸಾವನ್ನು ತಿಳಿಸಿದ. ಪಕ್ಕದಲ್ಲಿ ಆಡುತ್ತಿದ್ದವರು ತಲೆಯೆತ್ತಲಿಲ್ಲ. ಎಲ್ಲ ಸರಿಯಾಗಿತ್ತು.

ಸಂಜೆ ಅಕ್ಕಲಕೋಟೆಯ ಮನೆಯಲ್ಲಿ ಅವ್ವ ಗುರುಬಾಯಿ ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ತಗೊಂಡ್ರೇನೋ ನನ್ನ ದನಿ?"

"ಟೇಪ್ ಸರಿ ಬಂದಿಲ್ಲಂತವ್ವ."

ಕುಟ್ಟುವ ಸದ್ದು ನಿಂತಿತು. ಅವಳು ಮಗನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಕೈ ತೊಳೆದುಕೊಂಡಳು, ನೀರು ಕುಡಿದಳು, ಫೋಟೋಕ್ಕೆ ಕೂತವಳಂತೆ ಸೆರಗು ಸರಿಮಾಡಿಕೊಂಡಳು. ಆಮೇಲೆ, ಡಾಕ್ಟರ ಮುಂದೆ ಮಾತ್ರ ಆಡುವ ಮರಾಠಿಯಲ್ಲಿ, ಟೇಪಿನ ಅದೇ ಮಾತನ್ನು ಮೆಲ್ಲಗೆ ಹೇಳಿದಳು: "ಬಾಳ, ಪರತ ಪಡಲಾಸ? ಊಠ. ದೋನ ಘಾಸ..." ಮುಂದಿನದು ಸಿಗಲಿಲ್ಲ. "ಹಿಂಗಂದ್ರ ನಡೀತದೇನೋ ಅವರಿಗೆ?"

"ನಡೀತದ," ಎಂದ.

ಅವಳು ಒಳಗೆ ಹೋದಳು. ರೊಟ್ಟಿ ಬಡಿಯುತ್ತ ಅದನ್ನೇ ಕಲಿಯತೊಡಗಿದಳು. ಅದೇ ಜಾಗದಲ್ಲಿ ಎಡವುವಳು, ಸುಮ್ಮನಾಗುವಳು, ಮತ್ತೆ ಮೊದಲಿನಿಂದ ಶುರುಮಾಡುವಳು. ಅವನು ತಟ್ಟೆಯ ಮುಂದೆ ಕುಳಿತು ಕೇಳುತ್ತಿದ್ದ.

ಆ ದನಿ ತನ್ನ ಅವ್ವನದು ಎಂದು ಅವನು ಯಾರಿಗೂ ಹೇಳಲಿಲ್ಲ.