ಬೆಳಗಿನ ಒಂದು ಚಮಚ

ಅಪ್ಪ ಎಯ್ವಿಂದ್ ತೀರಿಕೊಂಡ ಮೇಲೆ ಗುನ್ವೋರ್ ಹತ್ತು ದಿನ ಪಾಚಿಕೋಣೆಯ ಬಾಗಿಲು ತೆರೆಯಲಿಲ್ಲ. ತೆರೆದಾಗ ಗಾಜಿನ ಹೂಜಿಗಳಲ್ಲಿ ಬೆಳೆಸಿದ್ದ ಪಾಚಿಯೆಲ್ಲ ಕಂದುಗಟ್ಟಿ ಕೊಳೆತಿತ್ತು. ಕಿಟಕಿಯ ಪಕ್ಕದ ಒಂದರಲ್ಲಿ ಮಾತ್ರ ಹಸಿರು ಉಳಿದಿತ್ತು.

ಹನ್ನೊಂದು ವರ್ಷದ ಹಿಂದೆ ಅಪ್ಪ ಈ ಫ್ಯೋರ್ಡ್ ಎಂಬ ಕಡಲಕೊಲ್ಲಿಯ ನೀರಿನಿಂದಲೇ ಹೆಕ್ಕಿದ ಪಾಚಿತಳಿ ಅದು. ಬೇರೆಲ್ಲೂ ಇರಲಿಲ್ಲ. ಅದನ್ನು ಒಣಗಿಸಿ, ಮೀನುಹಿಟ್ಟಿನ ಬದಲು ಮೇವಿಗೆ ಬೆರೆಸಿ, ಕಡಲಲ್ಲಿ ಒಂದು ಬಲೆಪಂಜರದಷ್ಟು ಸಾಲ್ಮನ್ ಮೀನು ಸಾಕುತ್ತಿದ್ದ. "ಸಣ್ಣ ಮೀನು ಅರೆದು ದೊಡ್ಡ ಮೀನಿಗೆ ತಿನ್ನಿಸೋದು ನನ್ನ ಕಾಲಕ್ಕೇ ಮುಗೀಬೇಕು" ಅನ್ನುತ್ತಿದ್ದ.

ಪಂಜರ ನೋಡಿಕೊಳ್ಳುವ ಮುದುಕ ತೂರ್ಗ್ರಿಮ್ ಬಾಗಿಲಲ್ಲಿ ನಿಂತ.

"ಏನೇ ಹುಡುಗಿ, ನಿಮ್ಮಪ್ಪನ ಹಸಿರು ಗಂಜಿ ಇನ್ನೆಷ್ಟು ದಿನಕ್ಕಿದೆ?"

"ಒಣಗಿಸಿಟ್ಟಿದ್ದು ಮೂರು ವಾರಕ್ಕೆ."

"ಬೇಗ ಮಾಡು. ಆ ಮೀನುಗಳಿಗೂ ಅವನಷ್ಟೇ ಜಂಬ. ಬೇರೆ ಮೇವು ಮೂಸಿಯೂ ನೋಡಲ್ಲ."

ಅಂದು ಸಂಜೆ ಅವಳು ಎಂಟು ಹೂಜಿಗಳಿಗೆ ಕಡಲನೀರು ತುಂಬಿ, ಕ್ರಿಮಿ ಸಾಯಲೆಂದು ಬ್ಲೀಚ್ ಹಾಕಿದಳು. ಮನೆಗೆ ಹೊರಡುವ ಮುಂಚೆ ಅಪ್ಪ ದಿನವೂ ಮಾಡುತ್ತಿದ್ದುದು ಅದನ್ನೇ. ಬೆಳಿಗ್ಗೆ ಬಂದು, ಎಂದಿನಂತೆ, ಉಳಿದ ಹಸಿರನ್ನು ಎಂಟಕ್ಕೂ ಹಂಚಿದಳು. ಖಾಲಿ ಹೂಜಿ ತೊಳೆದಿಟ್ಟಳು. ಕೋಣೆಯಲ್ಲಿ ಬ್ಲೀಚ್ ವಾಸನೆ ಇತ್ತು. ಅಲ್ಲಿ ಯಾವಾಗಲೂ ಇರುತ್ತಿತ್ತು.

ಮರುದಿನ ಎಂಟು ಹೂಜಿಗಳೂ ಬೆಳ್ಳಗಾಗಿದ್ದವು.

ಅವಳು ಸ್ಟೂಲಿನ ಮೇಲೆ ಕುಳಿತಳು. ಎದುರಿನ ಕಪಾಟಿನಲ್ಲಿ ಬಿಳಿ ಹರಳಿನ ಡಬ್ಬಿಯಿತ್ತು. ಬ್ಲೀಚಿನ ವಿಷ ಮುರಿಯಲು ಬೆಳಿಗ್ಗೆ ಆ ಹರಳು ಒಂದು ಚಮಚ ಹಾಕಬೇಕು, ಆಮೇಲೆಯೇ ಪಾಚಿ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಕೈಗೆ ಅಭ್ಯಾಸವಿರಲಿಲ್ಲ. ಹನ್ನೊಂದು ವರ್ಷ, ಅವಳು ಕೋಟು ಕಳಚುವಷ್ಟರಲ್ಲಿ, ನೀರು ಸಿದ್ಧವಾಗಿರುತ್ತಿತ್ತು. ಅಪ್ಪ ಕಿಟಕಿಯ ಬಳಿ ಕಾಫಿ ಕುಡಿಯುತ್ತಿರುತ್ತಿದ್ದ. ಆ ಒಂದು ಚಮಚ ಹಾಕುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ತಾನು ಹಾಕಿದೆನೆಂದು ಅವನೂ ಹೇಳಿರಲಿಲ್ಲ. ಅವರ ನಡುವೆ ಮಾತು ಕಡಿಮೆ.

ಶವಪೆಟ್ಟಿಗೆ ಇಳಿಸುವಾಗಲೂ ಬಾರದ ಅಳು ಈಗ ಬಂತು.

ತೂರ್ಗ್ರಿಮ್ ಒಳಗೆ ಬಂದು ಹೂಜಿಗಳನ್ನು ನೋಡಿದ. ಟೋಪಿ ತೆಗೆದ.

"ಒಂದು ಹನಿಯೂ ಉಳೀಲಿಲ್ವೇನೇ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮೂರು ವಾರ ಆದ್ಮೇಲೆ," ಅಂದಳು, "ಮೀನುಹಿಟ್ಟನ್ನೇ ಹಾಕಿಬಿಡು."

"ತಿನ್ನಲ್ಲ ಅವು."

"ಹಸಿವಾದ್ರೆ ತಿಂತಾವೆ, ತೂರ್ಗ್ರಿಮ್."