ಕೊನೆಯ ಹಾಡಿನ ತಾಳ

ಆ ಊರಿನ ಹಿರಿಯರಿಗೆ ಒಂದು ಅಭ್ಯಾಸವಿತ್ತು. ಮುಚ್ಚಿಹೋದ ಕ್ಲಬ್ಬುಗಳ ಮಾತು ಬಂತೆಂದರೆ ಅವರ ಬೆರಳುಗಳು ತಾವಾಗಿಯೇ ಮೇಜಿನ ಮೇಲೆ, ಕುರ್ಚಿಯ ತೋಳಿನ ಮೇಲೆ, ಏನೂ ಸಿಗದಿದ್ದರೆ ತಮ್ಮದೇ ಮೊಣಕಾಲಿನ ಮೇಲೆ ತಟ್ಟತೊಡಗುತ್ತಿದ್ದವು. ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಎರಡು. ಮಾತು ಬೇರೆ ಕಡೆಗೆ ಹೊರಳಿದ ಮೇಲೂ ಬೆರಳು ನಿಲ್ಲುತ್ತಿರಲಿಲ್ಲ. ಮೊದಮೊದಲು ನನಗದು ಮುದ್ದಾಗಿಯೇ ಕಂಡಿತ್ತು.

ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ನಾಲ್ಕು ಜನರ ನಡುವೆ ಬಾಯಿಬಿಡಲಾರದವಳು. ದಿನವಿಡೀ ಆಡದೆ ಉಳಿದ ಮಾತನ್ನೆಲ್ಲ ಸಂಜೆ ಡೈರಿಗೆ ಸುರಿದು ಹಗುರಾಗುತ್ತಿದ್ದವಳು. ವಜ್ರಕುಮಾರ್ ಎಂಬವರು ಹಳೆಯ ಕ್ಲಬ್ಬುಗಳ ನೆನಪಿನ ಪುಸ್ತಕವೊಂದನ್ನು ತರುತ್ತಿದ್ದಾರೆ, ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವವರು ಬೇಕಾಗಿದ್ದಾರೆ ಎಂದು ತಿಳಿದಾಗ ನಾನೇ ಅವರೆದುರು ಹೋಗಿ ನಿಂತೆ. ಊರಿನ ಎಲ್ಲ ಕ್ಲಬ್ಬುಗಳಿಗಿಂತ ಹೆಚ್ಚು ಹೆಸರಾಗಿದ್ದ, ಎಲ್ಲಕ್ಕಿಂತ ಮೊದಲು ಮುಚ್ಚಿದ 'ನದಿಮನೆ'ಯನ್ನು ಕಟ್ಟಿಸಿದ್ದು ಅವರ ತಂದೆ.

"ನಿಂಗೆ ಮಾತು ಕಡಿಮೆ ಅಂತಾರಲ್ಲಮ್ಮ?" ಎಂದು ಕೇಳಿದರು.

"ಹೌದು ಸರ್."

"ಒಳ್ಳೇದೇ ಆಯ್ತು ಬಿಡು. ಆ ಮುದುಕರು ನಿಂಗೆ ಬಾಯಿ ತೆಗೆಯೋಕೆ ಬಿಟ್ರೆ ತಾನೆ!"

ನಾನು ಹೋದದ್ದಕ್ಕೆ ಕಾರಣ ಬೇರೆಯಿತ್ತು. ಅದನ್ನು ಅವರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅಮ್ಮ ಹಿರಿಯರಿಗೆ ಎಡೆ ಇಡುತ್ತಿದ್ದಳು. ತಾತನಿಗೊಂದು, ಅಜ್ಜಿಗೊಂದು, ಅಪ್ಪನಿಗೊಂದು, ಹೀಗೆ ಮೂರು ಎಲೆ. ಬಡಿಸಿ, ಧೂಪ ಹಾಕಿ, ಸತ್ತವರು ಬಂದು ನಿಶ್ಚಿಂತೆಯಾಗಿ ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ನಾವು ಹೊರಗೆ ಕೂರುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಮೆಲ್ಲಗೆ ಬಾಗಿಲು ತಟ್ಟಿ ಒಳಗೆ ಹೋಗುವಳು. ನಾಲ್ಕನೆಯ ಎಲೆಯೊಂದು ಇರಬೇಕಿತ್ತು. ಅಮ್ಮನ ತಂಗಿ ಸರಸಿಜ ಚಿಕ್ಕಮ್ಮನದು. ಒಮ್ಮೆ ಕೇಳಿದ್ದಕ್ಕೆ ಅಮ್ಮ ಸೌಟು ಕೆಳಗಿಟ್ಟು, "ತಾನಾಗಿ ಹೋದೋಳಿಗೆ ಎಡೆ ಇಲ್ಲ. ಇನ್ನೊಂದ್ಸಲ ಆ ಹೆಸರು ಎತ್ತಬೇಡ" ಎಂದಿದ್ದಳು. ಚಿಕ್ಕಮ್ಮ ನದಿಮನೆಯಲ್ಲಿ ಬಂದವರ ಛತ್ರಿ, ಕೋಟು ಕಾಯುವ ಕೆಲಸಕ್ಕಿದ್ದಳೆಂದೂ ನದಿಗೆ ಹಾರಿಕೊಂಡಳೆಂದೂ ನೆಂಟರ ಪಿಸುಮಾತಿನಿಂದ ತಿಳಿದಿತ್ತು. ಆಗ ನನಗೆ ಮೂರು ವರ್ಷ. ಅವಳು ನಿಜವಾಗಿಯೂ ತಾನಾಗಿ ಹೋದಳೇ? ನನಗೆ ಬೇಕಿದ್ದದ್ದು ಅದೊಂದೇ ಉತ್ತರ.

ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಆದ್ದರಿಂದ ಬರೆದುಕೊಂಡೆ. ಯಾವ ಕ್ಲಬ್ಬಿನಲ್ಲಿ ಯಾವ ಬಣ್ಣದ ದೀಪ, ಯಾರ ಕುಣಿತಕ್ಕೆ ಯಾರು ಬೆರಗಾದರು, ಯಾರ ಹೆಂಡತಿ ಬಾಗಿಲಲ್ಲೇ ಯಾರ ಕಿವಿ ಹಿಂಡಿದಳು. ನಗುತ್ತಲೇ ಶುರುವಾದ ಮಾತು ಕೊನೆಗೆ ನದಿಮನೆಗೆ ಬಂದು ನಿಲ್ಲುತ್ತಿತ್ತು, ಬೆರಳುಗಳು ತಟ್ಟತೊಡಗುತ್ತಿದ್ದವು. ಕುಣಿಯುವವರಿಗೆಂದೇ ಸೂಟು ಹೊಲಿಯುತ್ತಿದ್ದ ಮುದುಕರೊಬ್ಬರು ನಿಟ್ಟುಸಿರು ಬಿಟ್ಟರು. "ಎಲ್ಲಾ ಹಾಳಾಗಿದ್ದು ಒಬ್ಬಳಿಂದ ಕಣಮ್ಮ. ಯಾವಳೋ ಕೆಲಸದೋಳು ನೀರಿಗೆ ಬಿದ್ಲು, ಪೊಲೀಸ್ರು ಬಂದ್ರು, ನದಿಮನೆಗೆ ಬೀಗ ಬಿತ್ತು. ಆಮೇಲೆ ಸಾಲಾಗಿ ಎಲ್ಲಾ ಕ್ಲಬ್ಬೂ ಹೋದ್ವು. ಸಾಯೋಳು ಬೇರೆ ಎಲ್ಲಾದ್ರೂ ಸಾಯಬಾರ್ದಿತ್ತಾ?"

ನಾನು ತಲೆಯೆತ್ತದೆ ಅದನ್ನೂ ಬರೆದುಕೊಂಡೆ. ಆ ಪುಟದಲ್ಲಿ ಪೆನ್ನು ಕಾಗದವನ್ನು ತೂತು ಮಾಡಿರುವುದು ಈಗಲೂ ಕಾಣುತ್ತದೆ.

ನದಿಮನೆಯ ಗಾಯಕಿ ರತ್ನಪ್ರಭಾ ಅವರಿಗೆ ಆಗ ಎಪ್ಪತ್ತು ದಾಟಿತ್ತು. ಬೆಳಗ್ಗೆ ಹತ್ತು ಗಂಟೆಗೇ ಕಾಡಿಗೆ ತೀಡಿ, ಮಲ್ಲಿಗೆ ಮುಡಿದು ನನ್ನ ದಾರಿ ನೋಡುತ್ತಿದ್ದರು.

"ಕೊನೇ ಹಾಡಿಗೆ ಒಳಗಿನ ದೀಪ ಎಲ್ಲಾ ಆರಿಸ್ತಿದ್ವಿ ಮರಿ," ಎಂದರು. "ಮುಂದಿನ ಬಾಗಿಲಿಗೂ ಅಗಳಿ, ಹಿಂದಿನದಕ್ಕೂ ಅಗಳಿ. ಹಾಡು ಮುಗಿಯೋ ತನಕ ಮಹಾರಾಜನೇ ಬಂದ್ರೂ ತೆಗೀಬಾರ್ದು ಅಂತ ದೊಡ್ಡ ಯಜಮಾನರ ಕಟ್ಟಪ್ಪಣೆ."

"ಹಿಂದಿನ ಬಾಗಿಲು..."

"ನದಿಗೆ. ಎರಡೂ ಕಡೆ ಆಳೆತ್ತರ ಗೋಡೆ, ನಡುವೆ ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ದೋಣಿಯೋರಿಗೆ ಅಂತ ಒಂದು ಲಾಂದ್ರ. ಹಾಡಿಗೆ ಮುಂಚೆ ಆ ಛತ್ರಿ ಹುಡುಗಿ ಹೋಗಿ ಅದನ್ನ ಎತ್ಕೊಂಡು ಬರೋಳು. ಹೊಸ್ತಿಲ ಹತ್ರ ನಿಂತು ಉಫ್ ಅಂತ ಊದೋಳು. ಕತ್ತಲಾಯ್ತಾ, ಅಂಕಯ್ಯ ಅಗಳಿ ಹಾಕೋನು, ನಾನು ಶುರು ಮಾಡೋಳು."

ಛತ್ರಿ ಹುಡುಗಿಯೆಂದರೆ ಬಂದವರ ಛತ್ರಿ, ಕೋಟು ಕಾಯುತ್ತಿದ್ದವಳು, ನನ್ನ ಚಿಕ್ಕಮ್ಮ. ಅವಳ ಹೆಸರೇನೆಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಅಯ್ಯೋ, ಹೆಸರು ಯಾರು ಕೇಳಿದ್ರು ಮರಿ? ಛತ್ರಿ ಹುಡುಗಿ, ಅಷ್ಟೆ." ಅವರ ಬೆರಳು ಆಗಲೇ ಮಂಚದ ಅಂಚನ್ನು ತಟ್ಟುತ್ತಿತ್ತು. "ಕೊನೇ ಹಾಡಿಗೆ ಲಾಜರ್ ಡ್ರಮ್ಸ್ ಬಿಟ್ಟು ಬರೀ ಮರದ ಪೆಟ್ಟಿಗೆ ಮೇಲೆ ಅಂಗೈಲಿ ತಾಳ ಹಾಕೋನು. ಆ ಕೊನೇ ದಿನ ಹಾಕಿದ್ನಲ್ಲಾ, ಅಂಥದ್ದು ಹುಟ್ಟಿದಾಗಿಂದ ಕೇಳಿಲ್ಲ. ನಾನು ನಿಧಾನ ತಗೊಂಡ್ರೆ ಅವನು ಬಿಡ್ತಾನೇ ಇಲ್ಲ, ಓಡಿಸ್ಕೊಂಡು ಹೋದ. ಜನ ಎಲ್ಲಾ ಮೇಜು ತಟ್ಟೋಕೆ ಶುರು ಮಾಡಿದ್ರು. ಕೊನೆಕೊನೆಗೆ ಎಷ್ಟು ಮೆತ್ತಗೆ ಮಾಡಿದ ಅಂದ್ರೆ, ದೀಪ ಸಣ್ಣ ಆಗುತ್ತಲ್ಲ, ಹಾಗೆ. ನಿಂತಿದ್ದೇ ಗೊತ್ತಾಗಲಿಲ್ಲ."

ಆ ಸಂಜೆ ಡೈರಿಯಲ್ಲಿ ಬರೆದೆ: 'ಎಲ್ಲರೂ ಅದೇ ತಾಳವನ್ನು ಹೇಳುತ್ತಾರೆ. ಯಾರೂ ಅವಳ ಹೆಸರು ಹೇಳುವುದಿಲ್ಲ.'

ಬಾಗಿಲು ಕಾಯುತ್ತಿದ್ದ ಅಂಕಯ್ಯ ಮಾತಾಡಲು ಒಪ್ಪಲಿಲ್ಲ. ಮೂರನೆಯ ಸಲ ಹೋದಾಗ ಜಗಲಿಯ ಮೇಲೆ ಕೂತು ಹೊಗೆಸೊಪ್ಪಿನ ಕಡ್ಡಿಪುಡಿ ಅಗಿಯುತ್ತ, "ಏನವ್ವ ಹೇಳದು? ದೀಪ ಆರ್ತು, ಅಗಳಿ ಹಾಕ್ದೆ. ಇಪ್ಪತ್ತು ವರ್ಸ ಅಂಗೇ ಹಾಕಿವ್ನಿ" ಎಂದ.

"ಆರಿದ್ದು ಹೇಗೆ ಗೊತ್ತಾಗ್ತಿತ್ತು?"

"ಬಾಗ್ಲ ಪಕ್ಕ ಕೆಂಪು ಗಾಜಿತ್ತು. ಒಳಗೆಲ್ಲಾ ಕತ್ಲು, ಮುಖ ಕಾಣಾಕಿಲ್ಲ. ಗಾಜಲ್ಲಿ ಬೆಳಕು ಕಂಡ್ರೆ ಅವ್ಳು ಇನ್ನೂ ಬಂದಿಲ್ಲ. ಕಾಣದಿದ್ರೆ ಬಂದ್ಲು." ಆಮೇಲೆ ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ನಿನ್ನ ಹಣೆ ಎಲ್ಲೋ ನೋಡ್ದಂಗದೆ. ಯಾರ ಮಗಳವ್ವ ನೀನು?"

ನಾನು ಎದ್ದು ಬಂದುಬಿಟ್ಟೆ. ಅವನೊಬ್ಬನ ಬೆರಳು ಮಾತ್ರ ಏನನ್ನೂ ತಟ್ಟಿರಲಿಲ್ಲ. ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದ.

ಕೊನೆಗೆ ಉಳಿದಿದ್ದವರು ಲಾಜರ್. ಅವರ ಪುಟ್ಟ ಮನೆಯ ಗೋಡೆಯ ತುಂಬ ಹಾರದ, ಶಾಲಿನ ಫೋಟೋಗಳು. ಆ ಒಂದು ತಾಳಕ್ಕಾಗಿ ಊರು ಅವರನ್ನು ವರ್ಷಕ್ಕೊಮ್ಮೆಯಾದರೂ ವೇದಿಕೆಗೆ ಕರೆಯುತ್ತಿತ್ತು. ಅದರ ಬಗ್ಗೆ ಹೇಳಿ ಎಂದಾಗ ಅವರು ನನ್ನ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು.

"ಇದನ್ನ ಬರೀಬೇಡ ಮಗಳೇ. ಇದು ಹೇಳಿಬಿಡೋಕೆ ಅಷ್ಟೆ. ಸಾಯೋ ಮುಂಚೆ ಯಾರಿಗಾದ್ರೂ ಹೇಳ್ಬೇಕು, ನೀನು ಮಾತಾಡೋ ಪೈಕಿ ಅಲ್ಲ ಅಂತ ಕಾಣುತ್ತೆ." ಅವರು ಗೋಡೆಯ ಫೋಟೋಗಳ ಕಡೆ ಬೆರಳು ಮಾಡಿದರು. "ಅವತ್ತು ಕೊನೇ ಹಾಡಿಗೆ ನಾನಿರಲಿಲ್ಲ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಮೇಲೆಲ್ಲೋ ಮಳೆ ಸುರಿದು ನದಿ ಏರ್ತಾ ಇತ್ತು. ನಮ್ಮ ಗುಡಿಸಲು ದಡದಲ್ಲೇ. ಪಕ್ಕದ ಮನೆಯೋನು ಬಂದು ಕರೆದ, ದೀಪ ಆರ್ತಿದ್ದಂಗೇ, ಅಗಳಿ ಬೀಳೋ ಮುಂಚೆ, ಮುಂದಿನ ಬಾಗಿಲಿಂದ ಜಾರಿಬಿಟ್ಟೆ. ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತೆ? ನದಿ ಏರ್ತಿದೆ ಅಂತ ಒಬ್ಬರಿಗೂ ಹೇಳಲಿಲ್ಲ, ಹಾಡು ಕೆಡುತ್ತೆ ಅಂತ. ಮಾರನೇ ದಿನ ಊರೆಲ್ಲಾ 'ಏನು ತಾಳ ಲಾಜರ್, ಏನು ತಾಳ!' ನಾನಲ್ಲ ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಶಾಲು ಹೊದಿಸಿದ್ರು. ಬ್ಯಾಂಡಿನೋರೇ ಯಾರೋ ಹಾಕಿರ್ಬೇಕು ಅಂದ್ಕೊಂಡೆ. ಒಬ್ಬೊಬ್ಬರನ್ನೇ ಸುತ್ತುಬಳಸಿ ಕೇಳ್ದೆ. ಯಾರೂ ಹಾಕಿಲ್ಲ."

ಅಲ್ಲಿಂದ ನೇರ ನದಿಮನೆಗೆ ನಡೆದೆ. ನಡುಹಗಲಾದರೂ ಹಿಂಬದಿಯ ಮೆಟ್ಟಿಲುಗಳಲ್ಲಿ ಪಾಚಿಯ ಕತ್ತಲಿತ್ತು. ಎರಡೂ ಗೋಡೆ ಹಿಡಿಯಲು ಒಂದು ಬಿರುಕೂ ಇಲ್ಲದಷ್ಟು ನುಣುಪು. ಹಳೆಯ ನೆರೆಯ ಗುರುತು ಬಾಗಿಲಿನ ಅರ್ಧದವರೆಗೆ ಕಪ್ಪಾಗಿ ಉಳಿದಿತ್ತು. ಹೊಸ್ತಿಲ ಬಳಿ ನಿಂತು ಕೆಳಗೆ ನೋಡಿದಾಗ ಎಲ್ಲವೂ ತಾನಾಗಿ ಕೂಡಿಕೊಂಡಿತು. ಚಿಕ್ಕಮ್ಮ ಲಾಂದ್ರ ತರಲು ಇಳಿದಿದ್ದಾಳೆ. ಅವಳು ಮುಟ್ಟುವ ಮೊದಲೇ ನೀರು ಮುಟ್ಟಿದೆ. ಅವತ್ತು ದೀಪ ಆರಿಸಿದ್ದು ಅವಳಲ್ಲ, ನದಿ. ಒಳಗೆ ಅಂಕಯ್ಯನ ಗಾಜು ಕಪ್ಪಾಗಿದೆ, ಅಗಳಿ ಬಿದ್ದಿದೆ. ಅವಳು ಮೇಲೆ ಓಡಿ ಬಂದು ಬಾಗಿಲು ತಟ್ಟಿದ್ದಾಳೆ. ನದಿಯ ಮೊರೆತದಲ್ಲಿ ಕೂಗು ಮುಳುಗಿ ಬಡಿತವಷ್ಟೇ ಒಳಗೆ ಹೋಗಿದೆ. ಒಳಗಿನವರು ಅದಕ್ಕೆ ತಲೆದೂಗಿದ್ದಾರೆ.

ಪುಸ್ತಕ ಬಿಡುಗಡೆಯ ಸಮಾರಂಭವನ್ನು ನದಿಮನೆಯಲ್ಲೇ ಇಟ್ಟುಕೊಂಡಿದ್ದರು. ಹಾಲಿಗೆ ಸುಣ್ಣ ಬಳಿಸಿ, ನಾಲ್ಕು ಗಂಟೆಯ ಬಿಸಿಲು ಬಾರದಂತೆ ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ಅರುವತ್ತು ಜನರಿದ್ದರು, ಹಳೆಯ ಕೋಟು, ಹಳೆಯ ರೇಷ್ಮೆ, ಅತ್ತರಿನ ವಾಸನೆ. ವಜ್ರಕುಮಾರ್ ಎದ್ದು, "ಹಳೇ ಕ್ರಮ ಹಳೇ ಕ್ರಮವೇ. ಅಂಕಯ್ಯ, ಅಗಳಿ ಹಾಕಪ್ಪ!" ಎಂದಾಗ ಎಲ್ಲರೂ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಹಿಂಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ಅಂಕಯ್ಯ ಏಳಲಿಲ್ಲ. ಬೇರೆ ಯಾರೋ ಹೋಗಿ ಹಾಕಿದರು. ದೀಪ ಆರಿತು.

ರತ್ನಪ್ರಭಾ ಹಾಡಿದರು. ದನಿ ಒಡೆದಿತ್ತು, ಆದರೂ ಹಾಡು ಗೊತ್ತಾಗುತ್ತಿತ್ತು. ಲಾಜರ್ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ಕೂತೇ ಇದ್ದರು. ಅವರ ತಾಳ ಯಾರಿಗೂ ಬೇಕಾಗಲಿಲ್ಲ. ಒಂದು ಮೇಜಿನಿಂದ ಶುರುವಾಯಿತು. ಮೂರು ಪೆಟ್ಟು, ಬಿಡುವು, ಎರಡು. ಇನ್ನೊಂದು ಮೇಜು. ಮತ್ತೊಂದು. ಅರುವತ್ತು ಜನರ ಅಂಗೈಗಳು ಕತ್ತಲಲ್ಲಿ ಮರವನ್ನು ಬಡಿಯುತ್ತಿದ್ದವು. ನನ್ನ ಚಿಕ್ಕಮ್ಮನ ಕೈ ಆ ಎಲ್ಲ ಕೈಗಳಲ್ಲೂ ಇತ್ತು. ಬಡಿತ ಚುರುಕಾಯಿತು. ಇನ್ನು ಅದು ಮೆತ್ತಗಾಗುವ ಜಾಗ ಬರುತ್ತದೆಂದು ನನಗೆ ಗೊತ್ತಿತ್ತು. ಅದನ್ನು ಕೇಳಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

ಎದ್ದೆ. ಮೇಜುಗಳನ್ನು ಎಡವುತ್ತ ಹಿಂಬಾಗಿಲಿಗೆ ಹೋಗಿ ಎರಡೂ ಕೈಯಿಂದ ಅಗಳಿ ಎಳೆದೆ. ಬಾಗಿಲು ತೆರೆಯಿತು. ಹಗಲು, ನದಿಯ ಹೊಳಪು, ಕೆಸರಿನ ವಾಸನೆ ಒಮ್ಮೆಲೇ ಒಳಗೆ ನುಗ್ಗಿದವು.

"ಏನಮ್ಮ ಇದು! ಹಾಡು ಇನ್ನೂ ಮುಗಿದಿಲ್ಲ!" ಎಂದು ವಜ್ರಕುಮಾರ್ ರೇಗಿದರು.

"ಅವತ್ತು ತಾಳ ಹಾಕಿದ್ದು ಲಾಜರ್ ಅವರಲ್ಲ," ಎಂದೆ. ಜನರೆದುರು ನಾನಾಡಿದ ಮೊದಲ ಮಾತು ಅದು. "ಛತ್ರಿ ಹುಡುಗಿ. ಈ ಬಾಗಿಲ ಆ ಕಡೆಯಿಂದ, ನೀರಲ್ಲಿ ನಿಂತು. ಅವಳ ಹೆಸರು ಸರಸಿಜ. ನಮ್ಮ ಚಿಕ್ಕಮ್ಮ."

ಎಲ್ಲರೂ ಲಾಜರ್ ಕಡೆ ನೋಡಿದರು. ಅವರು ತಲೆ ತಗ್ಗಿಸಿ, "ಹೌದು, ನಾನಲ್ಲ" ಎಂದರು. ಕೈಗಳು ಒಂದೊಂದಾಗಿ ನಿಂತವು. ರತ್ನಪ್ರಭಾ ಬಾಯಿಗೆ ಸೆರಗು ಒತ್ತಿಕೊಂಡು, "ನಾನು ಅದಕ್ಕೆ ಹಾಡಿದೆನಲ್ಲಾ, ಮರಿ..." ಎಂದು ಕೂತುಬಿಟ್ಟರು.

ಒಂದು ಕೈ ಮಾತ್ರ ನಿಲ್ಲಲಿಲ್ಲ. ಇಷ್ಟು ವರ್ಷ ತೊಡೆಯಡಿ ಒತ್ತಿಟ್ಟಿದ್ದ ಕೈಯಿಂದ ಅಂಕಯ್ಯ ಬಾಗಿಲ ಚೌಕಟ್ಟನ್ನು ಮೆಲ್ಲಗೆ ತಟ್ಟುತ್ತಿದ್ದ. "ಹಾಡು ಮುಗುದು ಜನ ಎಲ್ಲಾ ಹೋದ್ ಮ್ಯಾಕೆ ನಾನೇ ತೆಗುದ್ನವ್ವ," ಎಂದ, ನನ್ನನ್ನು ನೋಡದೆ. "ಮೊಣಕಾಲ್ ಮಟ ನೀರು ಒಳೀಕ್ ನುಗ್ತು. ಅದ್ರಲ್ಲಿ ಹಸ್ರು ಬಳೆ ಚೂರು ಬಂತು. ಬೆಳಗೆ ನಾನೇ ಗುಡಿಸ್ದೆ. ಹಾರ್ಕಂಡ್ಲು ಅಂತ ಎಲ್ರೂ ಅಂದಾಗ ನಾನೂ ಅಂದೆ."

ಪುಸ್ತಕ ಹೊರಬರಲಿಲ್ಲ. ಅದಾದ ಮೇಲೆ ಆ ಊರಿನಲ್ಲಿ ಯಾರೂ ಮೇಜು ತಟ್ಟಿದ್ದನ್ನು ನಾನು ನೋಡಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಗೋಡೆಗೊರಗಿ ಕೂತು, "ಅವತ್ತು ಬೆಳಗ್ಗೆ ಜಗಳ ಆಗಿತ್ತು ಕಣೆ. ಆ ಕೆಲಸ ಬಿಡದಿದ್ರೆ ಇಲ್ಲಿಗೆ ಬರಬೇಡ, ಬಂದ್ರೂ ಬಾಗಿಲು ತೆಗೆಯಲ್ಲ ಅಂದಿದ್ದೆ. ನನ್ನ ಮಾತಿಗೇ ಹೋದ್ಲು ಅಂದ್ಕೊಂಡಿದ್ದೆ, ಇಷ್ಟು ವರ್ಷ" ಎಂದಳು. ಆಮೇಲೆ ಕೇಳಿದಳು: "ಬಹಳ ಹೊತ್ತು ತಟ್ಟಿದ್ಲಂತಾ?"

"ಒಂದು ಹಾಡಿನಷ್ಟು," ಎಂದೆ.

ಆ ವರ್ಷದ ಅಮಾವಾಸ್ಯೆಗೆ ಅಮ್ಮ ನಾಲ್ಕು ಎಲೆ ಹಾಸಿದಳು. ನಾಲ್ಕನೆಯದಕ್ಕೆ ಸಿಹಿಗುಂಬಳದ ಪಲ್ಯ ಜಾಸ್ತಿ ಬಡಿಸಿದಳು. ಚಿಕ್ಕಮ್ಮನಿಗೆ ಅದು ಪ್ರಾಣವಂತೆ, ನನಗೆ ಗೊತ್ತೇ ಇರಲಿಲ್ಲ. ಎಲೆಯ ಪಕ್ಕದಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ ಇಟ್ಟಳು. ಧೂಪ ಹಾಕಿದ ಮೇಲೆ ನಾವಿಬ್ಬರೂ ಹೊರಗೆ ಬಂದೆವು. ಅಮ್ಮ ಪ್ರತಿ ವರ್ಷದಂತೆ ಬಾಗಿಲು ಮುಚ್ಚಲು ಕೈ ಚಾಚಿದವಳು, ಕದದ ಮೇಲೆ ಅಂಗೈಯಿಟ್ಟು ಹಾಗೆಯೇ ನಿಂತಳು. ಆಮೇಲೆ ಅದನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಿ, ಮತ್ತೆ ಮುಚ್ಚಿಕೊಳ್ಳದಂತೆ ಒರಳುಗುಂಡನ್ನು ಒತ್ತಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತಳು. ಒಳಗೆ ಧೂಪದ ಹೊಗೆ ಎಲೆಗಳ ಮೇಲೆ ಸುಳಿದು, ತಡೆಯಿಲ್ಲದೆ ಹೊಸ್ತಿಲು ದಾಟುತ್ತಿತ್ತು.